ದೃಷ್ಟಿ ಬಂದದ್ದೂ ದೃಷ್ಟಿ ತೆಗೆದದ್ದೂ

ಕಣ್ಣಾಸ್ಪತ್ರೆಯ ಮೇಟ್ರನ್ ನಗಬಾರದು ಎಂಬ ನಿಯಮವೇನೂ ಇಲ್ಲ. ಅದು ನಾನೇ ಮಾಡಿಕೊಂಡದ್ದು. ತುಮಕೂರಿನ ನಮ್ಮ ಆಸ್ಪತ್ರೆಯಲ್ಲಿ ಮಾಲುಗಣ್ಣಿನ ಮಕ್ಕಳನ್ನು ನೋಡುವ ವಿಭಾಗಕ್ಕೆ ಬರುವವರು ಆ ನಿಯಮ ಮುರಿಸದೆ ಹೋಗುವುದು ಅಪರೂಪ. ಅವರಲ್ಲಿ ಸಿ.ಎಸ್. ಪುರದ ಕಡೆಯ ಒಬ್ಬ ಅಜ್ಜಿಯದ್ದೇ ಒಂದು ಕಂತೆಯಾದೀತು.

೧. ಯಾವ ದೃಷ್ಟಿ?

ಅಜ್ಜಿ ಕರೆತಂದದ್ದು ಒಂದನೇ ಕ್ಲಾಸಿನ ಮೊಮ್ಮಗಳನ್ನು. ಮಗುವಿನ ಎಡಗಣ್ಣು ಮೂಗಿನ ಕಡೆ ಓಡುತ್ತಿತ್ತು. ಆ ಕಣ್ಣು ನೋಡುವ ಕೆಲಸವನ್ನೇ ಬಿಟ್ಟಿದೆ, ಈಗಲೇ ಪಳಗಿಸದಿದ್ದರೆ ಆಮೇಲೆ ಬಲು ಕಷ್ಟ ಎಂದು ಡಾಕ್ಟರು ಅರ್ಧ ಇಂಗ್ಲಿಷಿನಲ್ಲಿ ಹೇಳಿ ಎದ್ದರು. ನಾನು ಓದಿದ ಕಾನ್ವೆಂಟಿನಲ್ಲಿ ಇಂಗ್ಲಿಷ್ ಎಂದರೆ ಇಂಗ್ಲಿಷ್, ಕನ್ನಡ ಎಂದರೆ ಕನ್ನಡ. ಬೆರಕೆ ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹಾಗಾಗಿ ಶುದ್ಧ ಕನ್ನಡದಲ್ಲಿ ಬಿಡಿಸಿ ಹೇಳಿದೆ: "ನೋಡಿ ಅಜ್ಜಿ, ಈ ಕಣ್ಣಿಗೆ ದೃಷ್ಟಿ ಬರಬೇಕು."

ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಬುಡ್ತು ಅನ್ನವ್ವಾ! ಬಿದ್ದಿರೋ ದೃಷ್ಟಿ ತೆಗೆಯಕ್ಕೇ ಅಮಾಸೆ ಅಮಾಸೆಗೂ ಮೆಣಸಿನ್ಕಾಯಿ ಸುಡ್ತಾ ಇದೀನಿ. ಇನ್ನೂ ಬರ್ಬೇಕಾ?"

"ಆ ದೃಷ್ಟಿ ಬೇರೆ, ಈ ದೃಷ್ಟಿ ಬೇರೆ."

"ಎಲ್ಡೂ ಕಣ್ಣಿಂದ್ಲೇ ಅಲ್ವಾ ಬರೋದು?"



೨. ಮೈಗಳ್ಳ ಎತ್ತು

ಕಣ್ಣಿಗೆ ವ್ಯಾಯಾಮ ಕಲಿಸುವ ನಮ್ಮ ಆರ್ಥಾಪ್ಟಿಸ್ಟ್ ಹುಡುಗಿ ಚೆನ್ನಾಗಿರುವ ಬಲಗಣ್ಣಿಗೆ ಪಟ್ಟಿ ಅಂಟಿಸಿ, ದಿನಾ ಹೀಗೇ ಮಾಡಬೇಕು ಎಂದು ತೋರಿಸಿ ಕಳಿಸಿದ್ದಳು. ಮುಂದಿನ ಸಲ ಬಂದಾಗ ಪಟ್ಟಿ ಎಡಗಣ್ಣಿನ ಮೇಲಿತ್ತು.

"ಯಾಕಜ್ಜಿ ಹೀಗೆ?" ಎಂದೆ.

"ಇನ್ನೇನವ್ವಾ? ದುಡಿಯೋ ಎತ್ತನ್ನ ಕಟ್ಟಾಕಿ, ಮೈಗಳ್ಳ ಎತ್ತನ್ನ ಯಾರಾದ್ರೂ ಹೂಡ್ತಾರಾ?"

"ಹೂಡದೆ ಅದರ ಮೈಗಳ್ಳತನ ಹೋಗುವುದು ಹೇಗೆ?"

ಅಜ್ಜಿ ತಲೆಯಾಡಿಸಿದರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣು ಮೂಲೆಗೆ ಹೋಯಿತು. "ಹಂಗಾದ್ರೆ ಅಲ್ಲಿ ಫೋನ್ ನೋಡ್ಕಂಡು ಕುಂತವ್ಳಲ್ಲ ನಿಮ್ ನರ್ಸಮ್ಮ, ಅವ್ಳನ್ನ ಯಾವಾಗ ಹೂಡ್ತೀರಿ?"

ಆ ನರ್ಸನ್ನು ಅವತ್ತೇ ಹೂಡಿದೆ.

೩. ಗೋಡೆ ಓದಿದ್ದು

ಮೂರನೇ ಸಲ ಪಟ್ಟಿ ಸರಿಯಾದ ಕಣ್ಣಿನ ಮೇಲೇ ಇತ್ತು. ಮಗು ಅಕ್ಷರದ ಚಾರ್ಟನ್ನು ಮೇಲಿನಿಂದ ಕೆಳಗಿನ ಸಾಲಿನವರೆಗೆ ಗಡಗಡ ಓದಿತು. ಡಾಕ್ಟರು ಹಿಗ್ಗಿಹೋದರು. ಆರ್ಥಾಪ್ಟಿಸ್ಟ್ ಹುಡುಗಿ ಸದ್ದಿಲ್ಲದೆ ಚಾರ್ಟು ಕಳಚಿದಳು. ಮಗು ಬರೀ ಗೋಡೆಯನ್ನೂ ಅಷ್ಟೇ ಚೆನ್ನಾಗಿ ಓದಿತು.

"ಅವ್ಳಪ್ಪ ಮೊಬೈಲಲ್ಲಿ ಪಟ ಹೊಡ್ಕಂಡಿದ್ದ. ದಿನಾ ಸಂಜೆ ಕೂರಿಸ್ಕಂಡು ಬಾಯಿಪಾಠ ಮಾಡಿಸ್ದೆ," ಎಂದರು ಅಜ್ಜಿ. "ಪರೀಕ್ಷೆ ಅಂದ್ಮೇಲೆ ಪಾಸಾಗ್ಬೇಕಲ್ವಾ?"

ನಾನು ಅಜ್ಜಿಗೂ ಮೊಮ್ಮಗಳಿಗೂ ಸೇರಿಸಿ ನಾಲ್ಕು ಮಾತು ಗದರಿದೆ. ಮಗು ಅತ್ತಿತು. ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ನನ್ನ ಕ್ರೋಟನ್ ಕುಂಡಕ್ಕೆ ಉಗಿದು, "ಇನ್ನೀ ಆಸ್ಪತ್ರೆ ಮೆಟ್ಲು ಹತ್ತಾಕಿಲ್ಲ," ಎಂದು ಹೊರಟರು. ಬರದಿದ್ದರೆ ಆ ಕಣ್ಣಿನ ಗತಿ ಏನು ಎಂಬುದು ನಮಗೆಲ್ಲ ಗೊತ್ತಿತ್ತು. ನಾನು ಮಾತ್ರ ಪೇಂಟರನ್ನು ಕರೆಸಿ ಕಾರಿಡಾರಿನ ಕೊನೆಗೊಂದು ಬೋರ್ಡು ಹಾಕಿಸಿದೆ: "ಇಲ್ಲಿ ಉಗುಳಬಾರದು." ಅವನು "ಉಗಳಬಾರದು" ಎಂದು ಬರೆದಿದ್ದ, ತಿದ್ದಿಸಿದೆ.

೪. ಹೊಸ ಬೋರ್ಡು

ಅಜ್ಜಿ ಬಂದರು. ಆದರೆ ಮಗುವನ್ನು ಒಳಗೆ ಬಿಡಲಿಲ್ಲ. ಸೆರಗಿನ ಗಂಟಿನಿಂದ ಉಪ್ಪು, ಮೆಣಸಿನಕಾಯಿ ತೆಗೆದು ಬಾಗಿಲಲ್ಲೇ ನಿಂತರು.

"ಅವತ್ತು ನೀವು ಬೈದಾಗಿಂದ ಮಗು ಸರ್ಯಾಗಿ ಉಂಡಿಲ್ಲ. ಬಿದ್ದಿರೋದು ನಿಮ್ ಕಣ್ಣೇಯ. ಈಗ ನಿವಾಳಿಸ್ತೀನಿ, ನೀವು ಇದಕ್ಕೆ ಮೂರು ಸಲ ಥೂ ಅಂತ ಉಗೀರಿ. ಇಲ್ದಿದ್ರೆ ಬಸ್ ಹತ್ತುತೀವಿ."

"ಆಸ್ಪತ್ರೆಯಲ್ಲಿ? ನಾನು?"

"ಬಾರೇ ಪುಟ್ಟಿ, ಹೋಗಣ."

ಕಾರಿಡಾರಿನಲ್ಲಿ ಎಲ್ಲ ನರ್ಸುಗಳಿಗೂ ಆಗಲೇ ಏನೋ ಕೆಲಸ ಬಂದಿತ್ತು. ನಾನು ಮಗುವನ್ನು ನೋಡಿದೆ. ಬಲಗಣ್ಣಿಗೆ ಪಟ್ಟಿ, ಎಡಗಣ್ಣು ಎಲ್ಲೋ ದೂರ ನೆಟ್ಟಿತ್ತು. ಸರಿ ಎಂದದ್ದೇ ಅಜ್ಜಿ ಮಗುವಿಗೆ ನಿವಾಳಿಸಿ ಮುಷ್ಟಿಯನ್ನು ನನ್ನ ಮುಂದೆ ಚಾಚಿದರು. ಕಾನ್ವೆಂಟಿನ ಸಿಸ್ಟರುಗಳಿಗೆ ಮನಸ್ಸಿನಲ್ಲೇ ಕೈಮುಗಿದು, ಆದಷ್ಟು ಒಣದಾಗಿ, ಥೂ, ಥೂ, ಥೂ ಎಂದೆ.

"ಇ... ಲ್ಲಿ... ಉ... ಗು... ಳ..." ಎಂದು ಮಗು ಶುರುಮಾಡಿತು. "ಬಾ... ರ... ದು. ಅಜ್ಜೀ! ಇಲ್ಲಿ ಉಗುಳಬಾರ್ದಂತೆ! ಮೇಡಮ್ ಉಗುದ್ಬುಟ್ರು!"

ಆರ್ಥಾಪ್ಟಿಸ್ಟ್ ಹುಡುಗಿ ಓಡಿಬಂದು ಪಟ್ಟಿಯ ಅಂಚನ್ನೆಲ್ಲ ಒತ್ತಿ ನೋಡಿದಳು. ಎಲ್ಲೂ ಸಂದಿಲ್ಲ. ಬೋರ್ಡು ಹೊಸದು, ಯಾರೂ ಬಾಯಿಪಾಠ ಮಾಡಿಸಿರಲಿಲ್ಲ. ಆ ಮೈಗಳ್ಳ ಕಣ್ಣು ತಾನೇ ಓದಿತ್ತು.

"ಅಜ್ಜಿ, ದೃಷ್ಟಿ ಬಂತು!" ಎಂದುಬಿಟ್ಟೆ, ನನ್ನ ದನಿ ಸ್ವಲ್ಪ ಜಾಸ್ತಿಯೇ ಏರಿತ್ತು.

ಅಜ್ಜಿ ಮೆಣಸಿನಕಾಯಿಯನ್ನು ಸೆರಗಿಗೆ ಕಟ್ಟಿಕೊಂಡರು.

"ಬರ್ದೆ ಏನ್ಮಾಡ್ತದೆ? ಈಗ ತಾನೆ ತೆಗೆದ್ನಲ್ಲ!"