ರೇಡಿಯೋದ ಸುಸ್ವರಯ್ಯನವರಿಗೆ ಹಿರೀಸಾವೆಯ ಹಾರ್ಮೋನಿಯಂ ಮೇಷ್ಟ್ರ ಅಹವಾಲು

ಹಿರೀಸಾವೆ, ೧೯೬೩

ಮೂರು ಲೋಕಗಳಲ್ಲಿ ಎಲ್ಲೂ ಹುಟ್ಟದೆ ನೇರವಾಗಿ ರೇಡಿಯೋ ಪೆಟ್ಟಿಗೆಯೊಳಗೇ ಅವತರಿಸಿದ ಶ್ರುತಿಸಾಗರ ಸುಸ್ವರಯ್ಯನವರ ಸನ್ನಿಧಾನಕ್ಕೆ, ಹಾರ್ಮೋನಿಯಂ ಮೇಷ್ಟ್ರು ಲಕ್ಕಯ್ಯನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ಇಪ್ಪತ್ತೆರಡು ವರ್ಷಗಳಿಂದ ಈ ಸೀಮೆಯ ರೈತರಿಗೆ ನಾಟಕ ಕಲಿಸಿ ಬದುಕುತ್ತಿರುವ ನಾನು, ಕಳೆದ ತಿಂಗಳು ಪಂಚಾಯಿತಿ ರೇಡಿಯೋದ ಮುಂದೆ ಊರವರ ಜೊತೆ ಕೂತು, ಅಜ್ಜಿಕಥೆಗಳನ್ನು ಗೇಲಿ ಮಾಡುವ ನಗೆನಾಟಕದಲ್ಲಿ ತಮ್ಮ ವಿದ್ವತ್ತನ್ನು ಕೇಳಿ ಧನ್ಯನಾದೆ. ಏಳು ಸಮುದ್ರ ದಾಟಿ ಬಂದ ರಾಜಕುಮಾರ ರಾಕ್ಷಸನ ಮೇಲೆ ಕತ್ತಿ ಎತ್ತಿದಾಗಲೆಲ್ಲ, ಆಸ್ಥಾನದ ಹಾರ್ಮೋನಿಯಂ ವಿದ್ವಾಂಸರಾದ ತಾವು "ತಡೆಯಿರಿ, ಇನ್ನೊಂದು ಹಾಡು ಬಾಕಿ ಇದೆ" ಎಂದು ಅಡ್ಡಬಂದು, ಹಾಡಿನ ಮೇಲೆ ಹಾಡು ಹಾಡಿಸಿ, ಕೊನೆಗೆ ರಾಕ್ಷಸ ಮುಪ್ಪಿನಿಂದಲೇ ತೀರಿಕೊಳ್ಳುವಂತೆ ಮಾಡಿದಿರಿ. ಅಷ್ಟರಲ್ಲಿ ರಾಜಕುಮಾರಿಯ ಹಲ್ಲುಗಳೂ ಉದುರಿದ್ದವು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ನಕ್ಕು ಮುಗಿದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

ಮನೆಯಲ್ಲಾದರೂ ಸಮಾಧಾನ ಸಿಕ್ಕೀತೆಂದು ಹೋದರೆ, ನನ್ನ ಹೆಂಡತಿ ಹೊನ್ನಕ್ಕ "ಅವ್ನು ಥೇಟು ನಿಮ್ಮಂಗೇ ಅವ್ನೆ ಕಣ್ರೀ" ಎಂದು ಸೆರಗನ್ನು ಬಾಯಿಗೊತ್ತಿಕೊಂಡು ಅಡುಗೆಮನೆ ಸೇರಿದಳು.

ತಮ್ಮ ಕೀರ್ತಿ ಶಾಂತಿಗ್ರಾಮಕ್ಕೆ ನನಗಿಂತ ಮೊದಲೇ ತಲುಪಿತ್ತು. ಅಲ್ಲಿ ಮೂರು ತಿಂಗಳಿಂದ ನನ್ನ ಕೈಯಲ್ಲಿ ದುಷ್ಟಮಂತ್ರಿಯ ಪಾತ್ರ ಕಲಿಯುತ್ತಿದ್ದ ತಿಮ್ಮಪ್ಪ, ತಾಲೀಮಿನಲ್ಲಿ ಕತ್ತಿಯೇಟು ತಿಂದು ಬಿದ್ದವನು, ನಾನು ಅವನ ಕಡೆಯ ಹಾಡಿಗೆ ಶ್ರುತಿ ಹಿಡಿದೊಡನೆ ಎದ್ದು ಕೂತು "ಸಾಯೋನು ಎಲ್ಲಾದ್ರೂ ಹಾಡ್ತಾನಾ ಸಾ? ರೇಡಿಯೋ ಕೇಳ್ಳಿಲ್ವಾ?" ಎಂದ. ನಾಟಕದ ಯಜಮಾನಿಕೆ ವಹಿಸಿದ್ದ ಪುಟ್ಟರಾಜು "ಅರವತ್ತರಲ್ಲಿ ನಲವತ್ತು ಹಾಡು ಕಿತ್ತಾಕಿ" ಎಂದು ಅಪ್ಪಣೆ ಕೊಟ್ಟ. ನಾನು ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿ ಬಸ್ಸು ಹತ್ತಿದೆ. ಚನ್ನರಾಯಪಟ್ಟಣ ಬರುವವರೆಗೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ತಾವು ಜೊತೆಗಿದ್ದಿದ್ದರೆ ಅದಕ್ಕೂ ಒಂದು ಹಾಡು ಹಾಕಿಸುತ್ತಿದ್ದಿರೇನೋ.

ನಾನಿಲ್ಲದೆಯೇ ನಾಟಕ ನಡೆಯಿತು. ತಮ್ಮ ಬೋಧನೆಯನ್ನು ಶಿರಸಾವಹಿಸಿದ ತಿಮ್ಮಪ್ಪ, ಹೊಡೆದೊಡನೆ ಬಿದ್ದು ಬಾಯಿ ಮುಚ್ಚಿಕೊಂಡು ಸತ್ತನಂತೆ. ಜನ ಹಾಡಿಗಾಗಿ ಒಂದು ಗಳಿಗೆ ಕಾದು, ಆಮೇಲೆ ರೇಗಿದರಂತೆ. ಮುಂದಿನ ಸಾಲಿನಲ್ಲಿದ್ದ ಮುದುಕಿ ಗುರುಸಿದ್ದಮ್ಮ ಎದ್ದು ನಿಂತು "ಏನ್ಲಾ ತಿಮ್ಮ, ಕೋಳಿ ಸತ್ತಂಗೆ ಸತ್ತೆಯಲ್ಲೋ! ನಾವು ಅಳೋದು ಯಾವಾಗ?" ಎಂದು ಕೇಳಿದಳಂತೆ. ಮರುದಿನವೇ ತಿಮ್ಮಪ್ಪ ನಮ್ಮ ಬಾಗಿಲಿಗೆ ಬಂದು ಕಣ್ಣು ತಗ್ಗಿಸಿ "ಬರೋ ವಾರ ಇನ್ನೊಂದ್ಸಲ ಆಡ್ತೀವಿ. ಸರಿಯಾಗಿ ಸಾಯೋದು ಯೋಳ್ಕೊಡಿ ಸಾ" ಎಂದ. ಬೇಡವೆನ್ನಲು ಬಾಯಿ ತೆರೆದೆ. ಹೊನ್ನಕ್ಕ ಅಷ್ಟರಲ್ಲಿ ಪೆಟ್ಟಿಗೆ ತಂದು ಹೊಸಿಲ ಮೇಲಿಟ್ಟಿದ್ದಳು.

ಹೋದೆ. ಒಂದಲ್ಲ, ನಾಲ್ಕು ಹಾಡು ಹಾಡಿಸಿ ಅವನನ್ನು ಸಾಯಿಸಿದೆ. ಗುರುಸಿದ್ದಮ್ಮ ಮನಸಾರೆ ಅತ್ತಳು. ನಿಜ ಹೇಳುತ್ತೇನೆ, ಮೂರನೆಯ ಹಾಡಿಗೆ ತಮ್ಮ ಜ್ಞಾಪಕ ಬಂದು ನನಗೇ ನಗು ತಡೆಯಲಾಗದೆ, ಪೆಟ್ಟಿಗೆಯ ಹಿಂದೆ ಮುಖ ಮರೆಸಿಕೊಂಡೆ.

ಆದ್ದರಿಂದ ತಾವು ದಯಮಾಡಿ, ಒಂದೇ ಒಂದು ದಿನದ ಮಟ್ಟಿಗೆ ಇಲ್ಲದಿರುವುದನ್ನು ನಿಲ್ಲಿಸಿ, ದೇಹ ಧರಿಸಿ, ಹಿರೀಸಾವೆಯ ಬಸ್ಸಿಗೆ ಬರಬೇಕು. ನನ್ನ ಪಕ್ಕದಲ್ಲಿ ಕೂತು, ದಿನವಿಡೀ ಉತ್ತ ಕೈಯವನಿಗೆ ಒಂದು ಹಾಡು ಕಲಿಸಿ ತೋರಿಸಬೇಕು. ಆಮೇಲೆ ಎಷ್ಟು ಬೇಕಾದರೂ ಗೇಲಿ ಮಾಡಿ. ನಾನೇ ಮೊದಲು ನಗುತ್ತೇನೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿಯಾದ,
ಲಕ್ಕಯ್ಯ

ಮರೆತ ಮಾತು: ತಮ್ಮ ಹಾರ್ಮೋನಿಯಂನ ಎರಡನೆಯ ಕರಿಮನೆ ಒತ್ತಿದರೆ ಅಪಸ್ವರ ನುಡಿಯುತ್ತದೆ, ರೇಡಿಯೋದ ಗೊರಗೊರದಲ್ಲೂ ಕೇಳಿಸಿತು. ರಿಪೇರಿ ಮಾಡಿಸಿಕೊಳ್ಳಿ. ಕಾಲ್ಪನಿಕ ವ್ಯಕ್ತಿಯೆಂದ ಮಾತ್ರಕ್ಕೆ ಶ್ರುತಿ ತಪ್ಪಬಹುದೆಂದು ಯಾವ ಗುರುವೂ ಹೇಳಿಲ್ಲ.