ಅತ್ತೆ ಗುದ್ದಾಟ ಕಲಿಸಿದ್ದು

ಮಾದಿಹಳ್ಳಿಯ ನಮ್ಮ ಸೋದರತ್ತೆಗೆ ಅರವತ್ತೆಂಟರಲ್ಲಿ ಕೊಂಬು ಮೂಡಿತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಅವರು ಹಣೆಗೆ ದಿಂಬು ಕಟ್ಟಿಕೊಂಡು, ಅಂಗಳದಲ್ಲಿ ಕೈಕಾಲೂರಿ, ಮೇಕೆ ಮರಿಯೊಂದಿಗೆ ಗುದ್ದಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ! ಅದೂ ವಿಭೂತಿಯಿಲ್ಲದೆ ಯಾರೂ ಕಾಣದಿದ್ದ ಹಣೆ!

ಇದಕ್ಕೆಲ್ಲ ಕಾರಣ ಮಾವನ ತೆಂಗಿನ ತೋಟ. ಗೊಬ್ಬರಕ್ಕೆಂದು ಮಾವ ವರ್ಷವೂ ಅಲ್ಲಿ ಕುರಿ ಮೇಕೆಗಳ ಮಂದೆ ನಿಲ್ಲಿಸುತ್ತಾರೆ. ಈ ಸಲ ಒಂದು ಮೇಕೆ ಮೂರು ಮರಿ ಹಾಕಿ, ಎರಡನ್ನು ಮಾತ್ರ ತನ್ನವೆಂದು ಒಪ್ಪಿಕೊಂಡಿತು. ಮೂರನೆಯದು ನಿಲ್ಲಲೂ ಆಗದ ಹೆಣ್ಣು ಮರಿ. ಮಂದೆಯವನು ಅದನ್ನು ಅತ್ತೆಯ ಕೈಗಿಟ್ಟು, ಮೂರು ತಿಂಗಳಿಗೆ ತಿರುಗಿ ಬರುವಾಗ ಕರೆದೊಯ್ಯುತ್ತೇನೆ ಎಂದ. ಹೋಗುವಾಗ ಒಂದು ಮಾತು ಸೇರಿಸಿದ.

"ಹಾಲು ಕುಡಿಸಿದ್ರೆ ಬದುಕ್ತದೆ ಅವ್ವಾ. ಆದ್ರೆ ಜೊತೆ ಮರಿ ಇಲ್ದೆ ಬೆಳೆದದ್ದು ಗುದ್ದಾಡಾದು ಕಲಿಯಾಕಿಲ್ಲ. ಮಂದೇಲಿ ಅದನ್ನ ಮೇವಿನ ಹತ್ರಕ್ಕೂ ಬಿಡಾಕಿಲ್ಲ."

ಬೇರೆಯವರಾಗಿದ್ದರೆ ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರು. ನಮ್ಮತ್ತೆ ದಿಂಬು ಹುಡುಕಿದರು!

ಬೇಲೂರಿನಿಂದ ಭಾನುವಾರ ಬಸ್ಸು ಹಿಡಿದು ಹೋದರೆ ನನಗೆ ಇದೇ ನೋಟ. ಮರಿ ಹತ್ತಿ ಕಲಿಯಲೆಂದು ಅತ್ತೆ ಕಾಯಿ ಸುಲಿದ ಮಟ್ಟೆಯನ್ನೆಲ್ಲ ಅಂಗಳದಲ್ಲಿ ಗುಡ್ಡ ಹಾಕಿಸಿದ್ದರು. ಅದರ ತುದಿಯಿಂದ ಮರಿ ನಾಲ್ಕು ಕಾಲೂ ಒಟ್ಟಿಗೆ ಎತ್ತಿ, ಗಾಳಿಯಲ್ಲೇ ಸೊಂಟ ತಿರುಗಿಸಿ ನೆಗೆಯುತ್ತಿತ್ತು. ಏಕೆ ಎಂದು ಕೇಳುತ್ತೀರಾ? ಹಾರಲು ಕಾರಣ ಬೇಕಾಗುವುದು ನಮ್ಮಂಥವರಿಗೆ. ಒಂದು ಬೆಳಿಗ್ಗೆ ಮಾವ ಮುಖ ತೊಳೆಯಲು ಬಗ್ಗಿದ್ದೇ ತಡ, ಅದು ಅವರ ಬೆನ್ನೇರಿ ನಿಂತಿತು. ಅಲ್ಲಾಡಬೇಡಿ, ಮರಿ ಬೀಳುತ್ತದೆ ಎಂದು ಅತ್ತೆಯ ಆಜ್ಞೆಯಾಯಿತು. ಕಾಫಿ ಸೋಸುವವರೆಗೂ ಮಾವ ಬಗ್ಗಿಯೇ ಇದ್ದರು!

ಅತ್ತೆಯ ಮೊಮ್ಮಗಳನ್ನು ನೋಡಲು ಗೆಂಡೆಹಳ್ಳಿಯಿಂದ ಗಂಡಿನ ಕಡೆಯವರು ಬಂದ ದಿನವಂತೂ ಅತ್ತೆ ಕೈಕಾಲೂರಿದ್ದಂತೆಯೇ ತಲೆಯೆತ್ತಿ, "ಬನ್ನಿ, ಕೂತ್ಕಳಿ, ಇದೊಂದು ಸುತ್ತು ಮುಗೀಲಿ," ಎಂದರು. ಮೊಮ್ಮಗಳು ಬಾಗಿಲ ಹಿಂದೆ ಬೆವೆತುಹೋದಳು. ಗಂಡಿನ ತಾಯಿ ಒಳಗೆ ಬರಲೇ ಇಲ್ಲ. ಅಂಗಳದಲ್ಲೇ ಕೂತು ನೋಡಿದರು. ಆಮೇಲೆ ಮೆಲ್ಲಗೆ ಆ ದಿಂಬು ಒಂದು ಸಲ ಕೊಡುತ್ತೀರಾ ಎಂದು ಕೇಳಿದರಂತೆ! ಸಂಬಂಧ ಅಲ್ಲಿಯೇ ಕುದುರಿತು.

ಇಷ್ಟೊಂದು ಹಚ್ಚಿಕೊಂಡಿದ್ದೀರಲ್ಲ, ಮಂದೆಯವನಿಗೆ ಹೇಳಿ ಮರಿಯನ್ನು ಇಲ್ಲೇ ಇಟ್ಟುಕೊಳ್ಳಿ ಎಂದು ನಾನೊಮ್ಮೆ ಹೇಳಿದೆ.

"ನಾನೆಷ್ಟು ದಿನ ಅಂತ ಗುದ್ದಾಡ್ಲಪ್ಪ? ಮಂಡಿ ಕೇಳ್ಬೇಕಲ್ಲ," ಎಂದರು ಅತ್ತೆ. "ಅದ್ಕೆ ಅದರ ಜನ ಬೇಕು ಕಣೋ."

ಹೇಳಿದ ಮಾತಿನಂತೆ ಮಂದೆ ಬಂತು. ಅತ್ತೆ ತಾವೇ ಮರಿಯನ್ನು ಎತ್ತಿಕೊಂಡು ಹೋಗಿ ನಡುವೆ ಬಿಟ್ಟರು. ಅದು ಎರಡು ಸಲ ಓಡಿಬಂದು ಸೀರೆಯ ಹಿಂದೆ ಅಡಗಿತು. ಎರಡು ಸಲವೂ ಅತ್ತೆ ಹಿಂದಕ್ಕೆ ದೂಡಿದರು. ಅಷ್ಟರಲ್ಲಿ ಅದಕ್ಕಿಂತ ದೊಡ್ಡ ಮರಿಯೊಂದು ಬಂದು ಪಕ್ಕೆಗೆ ಗುದ್ದಿತು. ನಮ್ಮದು ಉರುಳಿಬಿತ್ತು. ನಾನು ಮುಂದಕ್ಕೆ ನುಗ್ಗಿದೆ. ಅತ್ತೆ ನನ್ನ ತೋಳು ಹಿಡಿದು ನಿಲ್ಲಿಸಿದರು.

ಮರಿ ಎದ್ದಿತು. ಮೈ ಕೊಡವಿತು. ತಲೆ ತಗ್ಗಿಸಿ ಒಂದು ಕೊಟ್ಟಿತು ನೋಡಿ! ದೊಡ್ಡದು ಎರಡು ಹೆಜ್ಜೆ ಹಿಂದೆ ಸರಿದು, ಇನ್ನೊಂದು ಸಲ ಬಾ ಎನ್ನುವಂತೆ ಕುಣಿಯಿತು. ಇನ್ನೆರಡು ಮರಿಗಳು ಬಂದು ಸೇರಿಕೊಂಡವು. ಮಂದೆ ಹಳೇಬೀಡಿನ ರಸ್ತೆ ಹಿಡಿಯುವಾಗ ನಮ್ಮ ಮರಿ ಯಾವುದೆಂದು ಹುಡುಕಬೇಕಾಯಿತು. ನನಗೆ ಅದರ ಮೇಲೆ ಸಿಟ್ಟೇ ಬಂತು.

"ತಿರುಗಿ ಕೂಡ ನೋಡ್ಲಿಲ್ವಲ್ಲ ಅತ್ತೆ," ಎಂದೆ.

"ನೋಡಬಾರ್ದು ಕಣೋ. ಅದಕ್ಕೇ ತಾನೆ ನಾನು ಇಷ್ಟು ದಿನ ಬಿದ್ದು ಒದ್ದಾಡಿದ್ದು," ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಮಂದೆ ಕಣ್ಮರೆಯಾಗಿ ಎಷ್ಟೋ ಹೊತ್ತಾಗಿತ್ತು, ಅತ್ತೆ ನನ್ನ ತೋಳು ಮಾತ್ರ ಬಿಟ್ಟಿರಲಿಲ್ಲ.