ಮಾವನವರಿಗೆ ಇಂಗ್ಲೆಂಡು ತೋರಿಸಿದ್ದು

ಮುಂಬಯಿಯಲ್ಲಿ ನಾನು ಯಾರಿಗಾದರೂ ಏನಾದರೂ ತೋರಿಸಲು ಹೊರಟರೆ ಸಾಕು, ಆಕಾಶ ತೂತು ಬೀಳುತ್ತದೆ; ಜೊತೆಗೆ ನನ್ನ ಮಾನವೂ ಹೋಗುತ್ತದೆ. ಇದು ಒಂದು ಸಲದ ಮಾತಲ್ಲ. ಆದರೂ ಆ ಭಾನುವಾರ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮೊದಲು ಹಿನ್ನೆಲೆ ಹೇಳಬೇಕು, ಇಲ್ಲದಿದ್ದರೆ ತಿಳಿಯುವುದಿಲ್ಲ. ಹೆರಿಗೆಗೆಂದು ಧಾರವಾಡಕ್ಕೆ ಹೋದ ನನ್ನ ಹೆಂಡತಿ ಕೂಸಿನೊಂದಿಗೆ ಮರಳಬೇಕಿತ್ತು. ಅಷ್ಟರಲ್ಲಿ ಮಾವನವರು (ಹೆಂಡತಿಯ ತಂದೆ, ಸೋದರಮಾವ ಅಲ್ಲ) ಮನೆ ನೋಡಲು ಬಂದರು. ಚೆಂಬೂರಿನ ನನ್ನ ಒಂದೇ ಕೋಣೆಯ ಮನೆಯನ್ನು, ಅಂದರೆ ಖೋಲಿಯನ್ನು, ಬಾಗಿಲಲ್ಲೇ ನಿಂತು ನೋಡಿ, "ಇಷ್ಟರಾಗ ನನ್ನ ಮಗಳು, ಕೂಸು, ಮ್ಯಾಲೆ ನೀವೂ? ಕಳಸೂದು ವಿಚಾರ ಮಾಡಬೇಕ್ರಿ ಅಳಿಯಂದ್ರ" ಎಂದರು. ಮುಂಬಯಿಯಲ್ಲಿ ಬರೀ ಖೋಲಿಗಳಿಲ್ಲ ಎಂದು ತೋರಿಸಿ ಅವರ ಮನಸ್ಸು ತಿರುಗಿಸಲು ಹೊರಟೆ.

೧. ಇಂಗ್ಲೆಂಡಿನ ಹಳ್ಳಿ

ಮಳೆಯಲ್ಲಿ ದಹಿಸರ್ ಕಡೆಯ ಹಳ್ಳಿಗಳು ಥೇಟ್ ಇಂಗ್ಲೆಂಡಿನ ಹಳ್ಳಿಗಳೇ ಎಂದು ನಮ್ಮ ಆಫೀಸಿನ ಇಂಗ್ಲಿಷ್ ಸಾಹೇಬರು ಹೇಳಿದ್ದರು. ಅದನ್ನು ನಂಬಿದ್ದು ನನ್ನ ತಪ್ಪೇ? ಲೋಕಲ್ ರೈಲು ಬದಲಿಸಿ, ಮೊಣಕಾಲುದ್ದ ಕೆಸರು ತುಳಿದು ಹೋದೆವು. ಹೆಂಚಿನ ಮನೆಗಳು, ಒಂದು ಚರ್ಚು, ದಾರಿಗಡ್ಡ ಎಮ್ಮೆ.

"ಇಂಗ್ಲಂಡ್ ಹಿಂಗ ಐತೇನ್ರಿ?" ಎಂದರು ಮಾವ.

"ಹೌದಂತ್ರಿ ಮಾವಾರ."

"ಹಂಗಾರ ಅವರು ಇಲ್ಲಿಗೆ ಬಂದಿದ್ದು ಯಾಕಂತ?"

೨. ತೊಳೆದ ಕಾಲು

ಊರಾಚೆ ಹಿಂದೊಬ್ಬ ಇಂಗ್ಲಿಷ್ ವ್ಯಾಪಾರಿ ಕಟ್ಟಿಸಿದ ಬಂಗಲೆಯಿತ್ತು. ಭಾನುವಾರ ಜನರಿಗೆ ನೋಡಲು ಬಿಡುತ್ತಿದ್ದರು. ಮಾವ ಚಪ್ಪಲಿ ಬಿಟ್ಟು, ಸೂರಿನ ನೀರಿಗೆ ಕಾಲು ತೊಳೆದರು. ನಮ್ಮ ಕಡೆ ಮನೆಯೊಳಗೆ ಹೋಗುವ ಪದ್ಧತಿಯೇ ಅದು. ಕಾವಲುಗಾರ ಓಡಿಬಂದ. ಬೂಟು ಹಾಕಿಕೊಂಡು ಬರಬಹುದಂತೆ, ಒದ್ದೆ ಕಾಲಲ್ಲಿ ಮಾತ್ರ ಜಮಖಾನೆ ಮುಟ್ಟಬಾರದಂತೆ! ಕೆಸರು ನಡೆಯುತ್ತದೆ, ನೀರು ನಡೆಯುವುದಿಲ್ಲ. ಇದು ಯಾವ ನ್ಯಾಯ?

ಮಾವ ಚೀಲದಿಂದ ಪೇಡೆಯ ಪೊಟ್ಟಣ ತೆಗೆದು, "ಯಜಮಾನ್ರು ಎಲ್ಲಿ?" ಎಂದು ಕೇಳಿದರು. ನಾನು ಹಿಂದಿಯಲ್ಲಿ ಕೇಳಿ ಹೇಳಿದೆ: "ಸತ್ತು ಬಹಳ ವರ್ಷ ಆತಂತ್ರಿ."

ಮಾವ ಪೊಟ್ಟಣ ಗಬಕ್ಕನೆ ಬಚ್ಚಿಟ್ಟು ಸಿಡುಕಿದರು: "ಮೊದಲ ಹೇಳಬಾರ್ದೇನ್ರಿ? ಸತ್ತವರ ಮನಿಗೆ ಯಾರರ ಸಿಹಿ ತಗೊಂಡು ಬರ್ತಾರೇನು!"

೩. ಹಗ್ಗ ಹಾಕಿದ ಕುರ್ಚಿ

ಮಾವ ಕೆಸರು ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡ ಮೇಲೆ ಕಾವಲುಗಾರ ದಾರಿ ಬಿಟ್ಟ. ಒಳಗೆ ದೊಡ್ಡ ದೊಡ್ಡ ಕುರ್ಚಿಗಳು, ಮುಂದೆ ಅಡ್ಡಹಗ್ಗ. ಯಾರೂ ಕೂರಬಾರದು.

"ಬಂದವರಿಗೆ ಕೂಡ್ರಿ ಅನ್ನೂದಿಲ್ಲ, ಮ್ಯಾಲೆ ಹಗ್ಗ ಬ್ಯಾರೆ! ಕುರ್ಚಿ ಏನು ಹೋರಿ ಏನ್ರಿ, ಹರಕೊಂಡು ಓಡಾಕ?" ಎಂದು ಮಾವ ಗುಡುಗಿದರು. ಹೊರಗೆ ಕಾರು ನಿಂತಿತು. ಕಾವಲುಗಾರ ಕೊಡೆ ಹಿಡಿದು ಅತ್ತ ಓಡಿದ. ಮಾವ ಹಗ್ಗ ದಾಟಿ ಎಲ್ಲಕ್ಕಿಂತ ದೊಡ್ಡ ಕುರ್ಚಿಯಲ್ಲಿ ಕೂತೇಬಿಟ್ಟರು.

ಒಳಬಂದವರು ಒಬ್ಬ ಬಿಳಿ ಸಾಹೇಬ, ಒಬ್ಬ ಮೇಮ್‌ಸಾಹೇಬ. ಜರಿ ರುಮಾಲು, ಉದ್ದ ಕೋಟು, ಬೆಳ್ಳಿ ಹಿಡಿಯ ಕೋಲಿನ ಮಾವನವರನ್ನು ಕಂಡವರೇ ಇಬ್ಬರೂ ತಲೆಬಾಗಿದರು. ಯಾವುದೋ ಸಂಸ್ಥಾನದ ರಾಜರು, ಈ ಮನೆಯ ಒಡೆಯರು ಎಂದುಕೊಂಡಿರಬೇಕು.

"ಬರ್ರಿ, ಬರ್ರಿ. ಕೂಡ್ರಿ" ಎಂದರು ಮಾವ.

ಕಾವಲುಗಾರ ತಾನೇ ಹಗ್ಗ ಬಿಚ್ಚಿ ಅವರನ್ನು ಕೂರಿಸಿದ! ನಮಗೆ ಹಗ್ಗ, ಅವರಿಗೆ ಕುರ್ಚಿ. ಸ್ವಾತಂತ್ರ್ಯ ಬಂದದ್ದು ಯಾರಿಗೆ ಸ್ವಾಮಿ? ನಾನೂ ಕೂರಲು ಹೋದೆ. ಕಾವಲುಗಾರ ಕಣ್ಣು ಕೆಕ್ಕರಿಸಿದ. ಅಷ್ಟರಲ್ಲಿ ಮೇಮ್‌ಸಾಹೇಬರು ತಮ್ಮ ಒದ್ದೆ ರೇನ್‌ಕೋಟು ಕಳಚಿ ನನ್ನ ಕೈಗೆ ಕೊಟ್ಟರು. ನಾನು ಟೈ ಕಟ್ಟಿದ್ದೆ, ಆಫೀಸಿನ ಟೈ! ಅದನ್ನೂ ಯಾರೂ ನೋಡಲಿಲ್ಲ. ಮಾವ ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ ಮಳೆಯ ಬಗ್ಗೆ ಬಾಯಿತುಂಬಾ ಮಾತಾಡಿದರು. ನಾನು ಕೋಟು ಹಿಡಿದು ಕಂಬದಂತೆ ನಿಂತೇ ಇದ್ದೆ.

ವಾಪಸು ಲೋಕಲಿನಲ್ಲಿ ಮಾವ ಬಹಳ ಹೊತ್ತು ನನ್ನನ್ನೇ ನೋಡಿದರು. ಕಥೆ ಮುಗಿಯಿತು, ಹೆಂಡತಿ ಬರುವುದಿಲ್ಲ ಎಂದುಕೊಂಡೆ.

"ಅಳಿಯಂದ್ರ, ಹಿರಿಯರ ಮುಂದ ಕೂಡ್ರಬಾರ್ದಂತ ಕಡೀತನಕಾ ನಿಂತೇ ಇದ್ರಿ. ಈಗಿನ ಕಾಲದಾಗ ಇಂಥಾ ಮರ್ಯಾದಿ ಎಲ್ಲೈತ್ರಿ? ಮಗಳನ್ನ ಕಳಸ್ತೇನಿ."

"ಖೋಲಿ ಸಣ್ಣದಂದಿದ್ರೆಲ್ಲಾ ಮಾವಾರ?" ಎಂದೆ, ನನ್ನ ಕಿವಿ ನಂಬದೆ.

"ಸಾಕಾಗತೈತಿ ಬಿಡ್ರಿ" ಎಂದರು ಮಾವ. "ನೀವು ಹೆಂಗೂ ಕೂಡ್ರೂ ಪೈಕಿ ಅಲ್ಲ."